ಅಂಗಡಿಯ ದೀಪದಲ್ಲಿ ಕಂಡ ಸೀರೆ

ನಮ್ಮತ್ತೆಗೆ ಅಂಗಡಿಯವರ ದೀಪದ ಮೇಲೆ ನಂಬಿಕೆ ಇರಲಿಲ್ಲ. ಎಷ್ಟೇ ದೊಡ್ಡ ಅಂಗಡಿಯಾಗಲಿ, ಎಷ್ಟೇ ಪರಿಚಯದ ಸೆಟ್ಟರಾಗಲಿ, ಆರಿಸಿದ ಸೀರೆಯನ್ನು ಹೆಗಲಿಗೆ ಹಾಕಿಕೊಂಡು ಸೀದಾ ಬಾಗಿಲಾಚೆ ಬಂದು ಬಿಸಿಲಿನಲ್ಲಿ ನಿಲ್ಲುತ್ತಿದ್ದರು. ಒಳಗೆ ಗಿಣಿಹಸಿರಾಗಿದ್ದದ್ದು ಹೊರಗೆ ಪಾಚಿಯ ಬಣ್ಣವಾಗಿ ಬಿಡುತ್ತಿತ್ತು. "ನಾನು ಇದನ್ನು ಉಡುವುದು ನಿಮ್ಮ ಅಂಗಡಿಯೊಳಗಲ್ಲವಲ್ಲ ಸೆಟ್ಟರೇ" ಎಂದು ವಾಪಸು ಕೊಡುತ್ತಿದ್ದರು. ಹೊಸ ಸೊಸೆಯಾದ ನನಗೆ ನಾಚಿಕೆಯಿಂದ ಭೂಮಿ ಬಾಯ್ಬಿಡಬಾರದೇ ಎನ್ನಿಸುತ್ತಿತ್ತು. ಈಗ ಅತ್ತೆ ಇಲ್ಲ. ಆದರೆ ಕಂಪ್ಯೂಟರಿನ ಮುಂದೆ ಕೂತು ಒಂದು ವೆಬ್ ಪುಟ ಮುಗಿಸಿದಾಗಲೆಲ್ಲ ಅವರು ಹಿಂದೆ ಬಂದು ನಿಂತು "ಹೊರಗೆ ತಗೊಂಡು ಹೋಗಿ ನೋಡಿದೆಯೇನೇ?" ಎಂದು ಕೇಳಿದ ಹಾಗಾಗುತ್ತದೆ.

ಹೌದು, ನಾನು ವೆಬ್ ಪುಟ ಮಾಡುತ್ತೇನೆ. ಅಡಿಗೆ, ಮನೆ, ಮೊಮ್ಮಗನ ಶಾಲೆಯ ಟಿಫಿನ್ ಡಬ್ಬಿಗಳ ನಡುವೆ ಸಿಕ್ಕುವ ಮಧ್ಯಾಹ್ನದ ಹೊತ್ತಿನಲ್ಲಿ ಮಾಡುವ ಕೆಲಸ. ಊರಿನ ಒಂದೆರಡು ಸಂಘಗಳಿಗೆ, ಹಪ್ಪಳ ಸಂಡಿಗೆ ಮಾರುವ ಗೆಳತಿಗೆ, ಸಂಗೀತ ಶಾಲೆಗೆ ಮಾಡಿಕೊಟ್ಟಿದ್ದೇನೆ. ಇದು ಗೊತ್ತಾದವರೆಲ್ಲ ಕೇಳುವ ಪ್ರಶ್ನೆ ಒಂದೇ: "ಯಾವ ಬ್ರೌಸರ್ ಒಳ್ಳೆಯದು? ಯಾವ ಸಾಫ್ಟ್‌ವೇರ್ ಹಾಕಿಸಲಿ?" ಯಾವ ಮಿಕ್ಸಿ ಒಳ್ಳೆಯದು, ಯಾವ ಕುಕ್ಕರಿನ ರಬ್ಬರು ಬಾಳಿಕೆ ಬರುತ್ತದೆ ಎಂದು ಕೇಳುವ ದನಿಯಲ್ಲೇ. ನಾನೂ ಮೊದಮೊದಲು ಅದೇ ದನಿಯಲ್ಲಿ ಉತ್ತರ ಕೊಡುತ್ತಿದ್ದೆ. ಪ್ರಶ್ನೆಯೇ ಸ್ವಲ್ಪ ತಪ್ಪಿದೆ ಎಂದು ತಿಳಿಯಲು ಒಬ್ಬ ಹುಡುಗಿ ನಮ್ಮ ಮನೆಯ ಮೆಟ್ಟಿಲು ಹತ್ತಬೇಕಾಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಕಲಿತದ್ದು 1999ರಲ್ಲಿ, ಮಗನನ್ನು ಕಂಪ್ಯೂಟರ್ ಕ್ಲಾಸಿಗೆ ಬಿಡಲು ಹೋಗಿ. ಒಂದು ಗಂಟೆ ಹೊರಗೆ ಬೆಂಚಿನ ಮೇಲೆ ಕೂತು ಸ್ವೆಟರ್ ಹೆಣೆಯುವ ಬದಲು ಒಳಗೇ ಕೂರಿ ಎಂದರು ಅಲ್ಲಿನ ಹುಡುಗ ಮೇಷ್ಟ್ರು. ನೋಟ್‌ಪ್ಯಾಡಿನಲ್ಲಿ ನಾಲ್ಕು ಸಾಲು ಎಚ್‌ಟಿಎಂಎಲ್ ಬರೆದು ಉಳಿಸಿ, ಅದನ್ನೇ ಬ್ರೌಸರಿನಲ್ಲಿ ತೆರೆದರೆ ನನ್ನ ಹೆಸರು ದಪ್ಪ ಅಕ್ಷರದಲ್ಲಿ ಕಂಡಿತು. ಆ ದಿನ ರಾತ್ರಿ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ. ಆಮೇಲೆ, 'ಪುಟ ತಾನಾಗಿಯೇ ತಯಾರಾಗುತ್ತದೆ' ಎಂದು ಹೇಳಿಕೊಳ್ಳುವ ಒಂದು ಸಾಫ್ಟ್‌ವೇರನ್ನೂ ಅಲ್ಲಿ ಕಲಿಸಿದರು. ಚಿತ್ರ ಎಳೆದು ಇಟ್ಟರೆ ಸಾಕು, ಪುಟ ಸಿದ್ಧ. ಆದರೆ ಒಳಗಿನ ಬರಹ ನೋಡಿದರೆ ಗಾಬರಿ! ನಾನು ಇಟ್ಟ ಒಂದು ಸಾಲಿಗೆ ಅದು ಹನ್ನೆರಡು ಸಾಲು ಸುತ್ತಿರುತ್ತಿತ್ತು; ಒಂದು ಬೊಟ್ಟು ಕುಂಕುಮ ಕೇಳಿದರೆ ಹತ್ತು ಕಾಗದದಲ್ಲಿ ಪೊಟ್ಟಣ ಕಟ್ಟಿ ಕೊಟ್ಟ ಹಾಗೆ. ಹಾಗಾಗಿ ನೋಟ್‌ಪ್ಯಾಡಿಗೇ ಹಿಂದಿರುಗಿದೆ. ಪದಾರ್ಥ ಏನೇನು ಬಿದ್ದಿದೆ ಎಂದು ಗೊತ್ತಿಲ್ಲದ ಅಡಿಗೆಯನ್ನು ಇನ್ನೊಬ್ಬರಿಗೆ ಬಡಿಸಲು ನನಗೆ ಧೈರ್ಯವಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಮೊಟ್ಟಮೊದಲ ಬ್ರೌಸರನ್ನು ಟಿಮ್ ಬರ್ನರ್ಸ್-ಲೀ 1990ರಲ್ಲಿ ಜಿನೀವಾದ ಬಳಿಯ ಸರ್ನ್ ಎಂಬ ಸಂಶೋಧನಾ ಕೇಂದ್ರದಲ್ಲಿ ಬರೆದಾಗ, ಅದರಲ್ಲಿ ಓದುವುದೂ ಆಗುತ್ತಿತ್ತು, ಬರೆಯುವುದೂ ಆಗುತ್ತಿತ್ತು. ಓದುತ್ತ ಓದುತ್ತಲೇ ತಿದ್ದಬಹುದಿತ್ತು. ಹಳೆಯ ಕಾಲದ ಅಡಿಗೆಮನೆಯ ಹಾಗೆ. ಬೇಯಿಸುವುದೂ ಅಲ್ಲೇ, ಉಣ್ಣುವುದೂ ಅಲ್ಲೇ. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಹುಡುಗರು ಮಾಡಿದ ಮೊಸಾಯಿಕ್ ಬಂದು ಜನಪ್ರಿಯವಾದಾಗ ಬರೆಯುವ ಭಾಗ ಬಿಟ್ಟುಹೋಯಿತು. ಓದುವುದು ಮಾತ್ರ ಉಳಿಯಿತು. ಅಡಿಗೆಯವರು ಒಳಗೆ, ಉಣ್ಣುವವರು ಹೊರಗೆ ಎಂಬ ಭೇದ ಅಲ್ಲಿಂದಲೇ ಹುಟ್ಟಿತೇನೋ. ಬ್ರೌಸರ್ ಬೇರೆ, ಉಪಕರಣ ಬೇರೆ ಎಂದು ಎರಡು ಅಂಗಡಿಗೆ ನಾವು ಅಲೆಯುವುದು ಇವತ್ತಿಗೂ ಆ ಭೇದದ ಫಲ.

ಆಮೇಲಿನ ಕಥೆ ನಿಮಗೂ ಅಷ್ಟಿಷ್ಟು ಗೊತ್ತಿರಬಹುದು. 1994ರಲ್ಲಿ ನೆಟ್‌ಸ್ಕೇಪ್, 1995ರಲ್ಲಿ ಮೈಕ್ರೋಸಾಫ್ಟಿನ ಇಂಟರ್‌ನೆಟ್ ಎಕ್ಸ್‌ಪ್ಲೋರರ್. ಇಬ್ಬರು ಓರಗಿತ್ತಿಯರ ಜಗಳ. ಒಬ್ಬಳು ಹೊಸ ಟ್ಯಾಗು ಹಾಕಿದರೆ ಇನ್ನೊಬ್ಬಳು ಬೇರೊಂದು ಹಾಕುತ್ತಿದ್ದಳು, ನಡುವೆ ಪುಟ ಬರೆಯುವವರ ಪಾಡು ನಾಯಿಪಾಡು. ಪುಟದ ಕೆಳಗೆ "ಇದನ್ನು ಇಂಥ ಬ್ರೌಸರಿನಲ್ಲೇ ನೋಡಿ" ಎಂಬ ಬಿಲ್ಲೆ ಅಂಟಿಸುತ್ತಿದ್ದ ಕಾಲ ಅದು. ಊಟಕ್ಕೆ ಕರೆದು "ನಮ್ಮ ಮನೆಗೆ ಬರುವಾಗ ನೀಲಿ ಸೀರೆಯನ್ನೇ ಉಟ್ಟುಕೊಂಡು ಬನ್ನಿ" ಎಂದ ಹಾಗೆ! ಜಗಳದಲ್ಲಿ ಎಕ್ಸ್‌ಪ್ಲೋರರ್ ಗೆದ್ದಿತು. ಗೆದ್ದ ಮೇಲೆ ನಿದ್ದೆ ಹೋಯಿತು. ಅದರ ಆರನೆಯ ಆವೃತ್ತಿ ಬಂದದ್ದು 2001ರಲ್ಲಿ, ಏಳನೆಯದು 2006ರಲ್ಲಿ. ನಡುವಿನ ಐದು ವರ್ಷ ಜಗತ್ತಿನ ಬಹುಪಾಲು ಜನ ಒಂದೇ ಹಳೆಯ ಕಿಟಕಿಯಿಂದ ನೋಡಿದರು. 2004ರಲ್ಲಿ ಫೈರ್‌ಫಾಕ್ಸ್ ಬಾರದಿದ್ದರೆ ನಿದ್ದೆ ಇನ್ನೂ ಎಷ್ಟು ದಿನ ನಡೆಯುತ್ತಿತ್ತೋ. ಕೊನೆಗೂ 2022ರ ಜೂನ್ 15ಕ್ಕೆ ಎಕ್ಸ್‌ಪ್ಲೋರರಿಗೆ ಮೈಕ್ರೋಸಾಫ್ಟೇ ನಿವೃತ್ತಿ ಕೊಟ್ಟಿತು. ನಾನೇನೂ ಅಳಲಿಲ್ಲ.

ಇದನ್ನೆಲ್ಲ ಇಷ್ಟು ಹೇಳುವುದೇಕೆಂದರೆ, ಇವತ್ತು "ಎಲ್ಲರೂ ಕ್ರೋಮ್ ಬಳಸುತ್ತಾರೆ, ಅದರಲ್ಲಿ ಸರಿ ಕಂಡರೆ ಸಾಕು" ಎಂದು ನನ್ನ ಮಗನೇ ನನಗೆ ಬುದ್ಧಿ ಹೇಳುತ್ತಾನೆ. 2008ರಲ್ಲಿ ಬಂದ ಕ್ರೋಮ್ ಒಳ್ಳೆಯದೇ. ವೇಗವಾಗಿದೆ, ಚೊಕ್ಕಟವಾಗಿದೆ. ಆದರೆ ಸ್ವಲ್ಪ ಒಳಹೊಕ್ಕು ನೋಡಿ. ಒಪೆರಾ 2013ರಲ್ಲಿ ತನ್ನ ಸ್ವಂತ ಎಂಜಿನ್ ಬಿಟ್ಟು ಕ್ರೋಮಿನ ಮನೆಯದಾದ ಕ್ರೋಮಿಯಂ ಹಿಡಿಯಿತು. ಮೈಕ್ರೋಸಾಫ್ಟಿನ ಎಡ್ಜ್ ಕೂಡ 2020ರ ಜನವರಿಯಿಂದ ಅದೇ. ಬ್ರೇವ್, ವಿವಾಲ್ಡಿ, ಸ್ಯಾಮ್‌ಸಂಗ್ ಫೋನಿನ ಬ್ರೌಸರ್, ಎಲ್ಲ ಅದೇ. "ನಾಲ್ಕು ಬ್ರೌಸರಿನಲ್ಲಿ ನೋಡಿದ್ದೇನೆ" ಎಂದು ಬೀಗುವವರು ಒಂದೇ ಟ್ಯಾಂಕಿಯ ನಾಲ್ಕು ನಲ್ಲಿಗಳಿಂದ ನೀರು ಹಿಡಿದು ರುಚಿ ನೋಡಿದ ಹಾಗೆ. ಐಫೋನಿನಲ್ಲಿ ಇನ್ನೊಂದು ತಮಾಷೆ. ಅಲ್ಲಿ ಕ್ರೋಮಿನ ಚಿತ್ರ ಒತ್ತಿದರೂ ಒಳಗೆ ಕೆಲಸ ಮಾಡುವುದು ಸಫಾರಿಯ ವೆಬ್‌ಕಿಟ್ ಎಂಜಿನ್, ಆಪಲ್ ಕಂಪನಿಯ ಕಟ್ಟಳೆ ಹಾಗೆ. ಯುರೋಪಿನ ಒಕ್ಕೂಟದಲ್ಲಿ 2024ರಿಂದ ಸಡಿಲ ಮಾಡಿದ್ದಾರೆ. ಕ್ರೋಮಿನ ಎಂಜಿನ್ನೂ 2013ರಲ್ಲಿ ಇದೇ ವೆಬ್‌ಕಿಟ್‌ನಿಂದ ಪಾಲಾಗಿ ಹೋದದ್ದೇ. ದಾಯಾದಿಗಳು! ಹಾಗೆ ನೋಡಿದರೆ ಈ ವಂಶಕ್ಕೆ ಸೇರದೆ ಬೇರೆ ಒಲೆ ಹಚ್ಚಿಕೊಂಡಿರುವ ಮುಖ್ಯ ಬ್ರೌಸರ್ ಫೈರ್‌ಫಾಕ್ಸ್ ಒಂದೇ. ನಾನು ಪುಟ ಬರೆಯುವಾಗ ಮೊದಲು ಅದರಲ್ಲೇ ತೆರೆಯುತ್ತೇನೆ. ಅದು ಎಲ್ಲದರಲ್ಲೂ ಮೇಲು ಎಂದಲ್ಲ, ಎರಡನೆಯ ಒಲೆ ಆರಬಾರದು ಎಂದು.

ಕನ್ನಡದ ವಿಷಯಕ್ಕೆ ಬಂದರೆ ಮಾತ್ರ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಇದು ಇಂಗ್ಲಿಷ್ ಪುಸ್ತಕಗಳಲ್ಲಿ ಎಲ್ಲೂ ಬರೆದಿಲ್ಲ, ನಾನು ಪೆಟ್ಟು ತಿಂದೇ ಕಲಿತದ್ದು.

ಮೊದಲ ವರ್ಷಗಳಲ್ಲಿ ಕನ್ನಡ ಪುಟ ಎಂದರೆ ಒಂದೊಂದು ಪತ್ರಿಕೆಗೆ ಒಂದೊಂದು ಫಾಂಟು. ಅದನ್ನು ಇಳಿಸಿಕೊಳ್ಳದಿದ್ದರೆ ಸಂಪಾದಕೀಯವೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಬರಹ, ನುಡಿ ತಂತ್ರಾಂಶಗಳು ಬಂದು ನಮ್ಮಂಥವರಿಗೆ ಕನ್ನಡ ಟೈಪಿಸುವ ಧೈರ್ಯ ಬಂತು. ವಿಂಡೋಸ್ ಎಕ್ಸ್‌ಪಿಯ ಜೊತೆ 2001ರಲ್ಲಿ ತುಂಗಾ ಎಂಬ ಯೂನಿಕೋಡ್ ಫಾಂಟು ಬಂತು. ಹೆಸರು ಕೇಳಿಯೇ ನಮ್ಮ ಸೀಮೆಯವರಿಗೆ ಅರ್ಧ ಸಂತೋಷ. ಆಮೇಲೆ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಕಾಣುವ ದಿನ ನಿಧಾನವಾಗಿ ಬಂತು.

ಈಗಿನ ಸಂಗತಿ ಕೇಳಿ. ಕ್ರೋಮ್ ಆಗಲಿ ಫೈರ್‌ಫಾಕ್ಸ್ ಆಗಲಿ, ಒತ್ತಕ್ಷರ ಕೂಡಿಸುವ ಕೆಲಸವನ್ನು ಹಾರ್ಫ್‌ಬಝ್ ಎಂಬ ಒಂದೇ ತಂತ್ರಾಂಶಕ್ಕೆ ವಹಿಸಿವೆ. ಅಂದರೆ 'ರಾಷ್ಟ್ರ' ಎಂಬ ಮಾತನ್ನು ಎರಡೂ ಕಡೆ ಬರೆಯುವ ಕೈ ಒಂದೇ! ವ್ಯತ್ಯಾಸ ಬರುವುದು ಫಾಂಟಿನಿಂದ. ಹಳೆಯ ವಿಂಡೋಸಿನಲ್ಲಿ ತುಂಗಾ, ಅದರಲ್ಲಿ ಅಕ್ಷರ ಸಣ್ಣ. ವಿಂಡೋಸ್ 8 ಬಂದ ಮೇಲೆ ನಿರ್ಮಲಾ, ಅದು ದುಂಡು ದುಂಡು. ಆಂಡ್ರಾಯ್ಡ್ ಫೋನಿನಲ್ಲಿ ಸಾಮಾನ್ಯವಾಗಿ ಗೂಗಲ್‌ನ ನೋಟೋ, ಆಪಲ್ ಯಂತ್ರಗಳಲ್ಲಿ ಮತ್ತೊಂದು. ಒಂದೇ ಪುಟ ನಾಲ್ಕು ಕಡೆ ನಾಲ್ಕು ಮೈಕಟ್ಟು. ಇಂಗ್ಲಿಷಿನವರು ಸಾಲಿಗೆ ಕೊಡುವ ಎತ್ತರ ನಮಗೆ ಸಾಲದು. ನಮಗೆ ಕೆಳಗೆ ಒತ್ತು, ಒತ್ತಿನ ಕೆಳಗೆ ಇನ್ನೊಂದು ಒತ್ತು. ಹಪ್ಪಳದ ಗೆಳತಿಗೆ ಮಾಡಿಕೊಟ್ಟ ಪುಟದಲ್ಲಿ ನಾನು 'ಇಲ್ಲಿ ಒತ್ತಿ' ಎಂದು ಚೆಂದದ ಗುಂಡಿ ಇಟ್ಟಿದ್ದೆ. ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿತ್ತು. ಅವಳ ಫೋನಿನಲ್ಲಿ ಗುಂಡಿಯ ಅಂಚು ಒತ್ತಕ್ಷರಗಳನ್ನೆಲ್ಲ ಕತ್ತರಿಸಿ 'ಇಲಿ ಒತಿ' ಎಂದು ಕಾಣುತ್ತಿತ್ತು. ಹಪ್ಪಳ ಮಾರುವ ಪುಟದಲ್ಲಿ ಇಲಿ! "ಯಾರೂ ಒತ್ತುತ್ತಿಲ್ಲ ಕಣೇ" ಎಂದು ಅವಳು ಅಲವತ್ತುಕೊಂಡದ್ದು ಯಾಕೆಂದು ಆಮೇಲೆ ತಿಳಿಯಿತು.

'ರ‍್ಯಾಂಕ್' ಬರೆಯುವ ಕಷ್ಟ ಇನ್ನೊಂದು. ಸುಮ್ಮನೆ ಟೈಪಿಸಿದರೆ ರಕಾರ ಅರ್ಕಾವತ್ತಾಗಿ ಯಕಾರದ ಹಿಂದೆ ಹೋಗಿ ನಿಲ್ಲುತ್ತದೆ. ನಡುವೆ ಕಣ್ಣಿಗೆ ಕಾಣದ ಒಂದು ಕೂಡಿಕೆಯ ಚಿಹ್ನೆ ಹಾಕಬೇಕು. ಕೆಲವು ಉಪಕರಣಗಳು 'ಸ್ವಚ್ಛ ಮಾಡುತ್ತೇವೆ' ಎಂದು ಕಾಣದ ಆ ಚಿಹ್ನೆಯನ್ನೇ ಗುಡಿಸಿ ಹಾಕುತ್ತವೆ. ಹೊಸ ಕೆಲಸದವಳು ರಂಗೋಲಿಯನ್ನೂ ಕಸವೆಂದು ಗುಡಿಸಿದ ಹಾಗೆ. ಇಂಥ ಸೂಕ್ಷ್ಮ ಗೊತ್ತಿಲ್ಲದ ಉಪಕರಣ ಎಷ್ಟು ಹೊಸದಾದರೂ ನನಗೆ ಬೇಡ.

ಉಪಕರಣಗಳ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರ ಎಂದು ಮಗ ಹೇಳುತ್ತಾನೆ. ಬರೆಯಲು ಈಗ ನಾನು ಬಳಸುವುದು 2015ರಲ್ಲಿ ಮೈಕ್ರೋಸಾಫ್ಟ್ ಬಿಟ್ಟ ವಿಎಸ್ ಕೋಡ್. ಹಣ ಕೊಡಬೇಕಿಲ್ಲ. ಮುಚ್ಚದೆ ಬಿಟ್ಟ ಆವರಣ ಎಲ್ಲಿದೆ ಎಂದು ಬಣ್ಣದಲ್ಲಿ ತೋರಿಸುತ್ತದೆ; ಕಣ್ಣು ಮಂಜಾಗುತ್ತಿರುವ ನನ್ನಂಥವರಿಗೆ ಅದೊಂದು ಉಪಕಾರ. ಆದರೆ ಅದಕ್ಕೆ ಸಿಕ್ಕಸಿಕ್ಕ ಜೋಡಣೆಗಳನ್ನು ಹಾಕಿಕೊಂಡರೆ ಹತ್ತು ಕೈಯ ಚಾಕು ಹಿಡಿದು ಬೀನ್ಸ್ ಹೆಚ್ಚಿದಂತಾಗುತ್ತದೆ. ಪುಟದೊಳಗೆ ಇಣುಕಿ ನೋಡುವ ಸಲಕರಣೆಗಳ ಕಥೆ ಬೇರೆ. 2006ರಲ್ಲಿ ಫೈರ್‌ಫಾಕ್ಸಿಗೆ ಫೈರ್‌ಬಗ್ ಎಂಬ ಜೋಡಣೆ ಬಂದಾಗ ನನಗೆ ಎಕ್ಸ್‌ರೇ ಕನ್ನಡಕ ಸಿಕ್ಕ ಹಾಗಾಗಿತ್ತು. ಯಾವ ಸಾಲು ಯಾಕೆ ಅಲ್ಲಿ ಕೂತಿದೆ ಎಂದು ಬೆರಳಿಟ್ಟು ತೋರಿಸುತ್ತಿತ್ತು. ಈಗ ಎಲ್ಲ ಬ್ರೌಸರುಗಳಲ್ಲೂ ಅಂಥದ್ದು ಹುಟ್ಟಿನಿಂದಲೇ ಇದೆ. ಫೈರ್‌ಫಾಕ್ಸಿನಲ್ಲಿ ಈ ಅಕ್ಷರ ಯಾವ ಫಾಂಟಿನಿಂದ ಬಂತು ಎಂದು ತೋರಿಸುವ ಒಂದು ಅಂಕಣವಿದೆ. ಕನ್ನಡ ಬರೆಯುವವರು ಬೇರೇನನ್ನು ಕಲಿಯದಿದ್ದರೂ ಅದನ್ನು ಕಲಿಯಬೇಕು.

ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶವಿದೆ. ಆಸ್ಟ್ರೇಲಿಯಾದ ಮೈಕಲ್ ಕರನ್ ಎಂಬ ದೃಷ್ಟಿಯಿಲ್ಲದ ಯುವಕ 2006ರಲ್ಲಿ ಶುರುಮಾಡಿದ್ದು, ಉಚಿತ. ಅದರ ಕನ್ನಡ ದನಿ ಯಂತ್ರದ್ದೇ, ಸೊಗಸೇನಿಲ್ಲ. ಆದರೆ ಪುಟದ ತಲೆಯಲ್ಲಿ 'ಇದು ಕನ್ನಡ' ಎಂದು ಒಂದು ಗುರುತು ಹಾಕುವುದನ್ನು ನಾವು ಮರೆತರೆ, ಅದಕ್ಕೆ ಯಾವ ನಾಲಿಗೆಯಲ್ಲಿ ಓದಬೇಕೆಂದು ಪುಟದಿಂದ ತಿಳಿಯುವುದೇ ಇಲ್ಲ. ಒಂದು ದಿನ ಕಣ್ಣು ಮುಚ್ಚಿಕೊಂಡು ನನ್ನ ಪುಟವನ್ನು ನಾನೇ ಕೇಳಿದೆ. 'ಚಿತ್ರ, ಚಿತ್ರ, ಚಿತ್ರ' ಎಂದು ಮೂರು ಸಲ ಹೇಳಿ ಸುಮ್ಮನಾಯಿತು. ಹೆಸರು ಕೊಡದೆ ಬಿಟ್ಟವಳು ನಾನೇ.

ಈಗ ಆ ಹುಡುಗಿಯ ವಿಷಯ. 2019ರಲ್ಲಿ ನಮ್ಮ ಮಹಿಳಾ ಸಂಘ ಪಿಯುಸಿ ಓದುವ ಹೆಣ್ಣುಮಕ್ಕಳಿಗೆ ಸಣ್ಣ ವಿದ್ಯಾರ್ಥಿವೇತನ ಕೊಡಲು ನಿಶ್ಚಯಿಸಿತು. ಅರ್ಜಿ ಫಾರಂ ತರಲು ಮಕ್ಕಳು ಬಸ್ಸು ಹತ್ತಿ ಪೇಟೆಗೆ ಬರುವುದು ಬೇಡ, ಮನೆಯಿಂದಲೇ ಕಳುಹಿಸಲಿ ಎಂದು ನಾನೇ ಮುಂದಾಗಿ ಪುಟ ಮಾಡಿದೆ. ಹದಿನೈದು ದಿನ ಕೂತು ಮಾಡಿದ್ದು. ಕ್ರೋಮಿನಲ್ಲಿ ಫೋನಿನ ಆಕಾರದ ಚೌಕಟ್ಟಿನೊಳಗೆ ಪುಟವನ್ನು ನೋಡುವ ಒಂದು ಅನುಕೂಲವಿದೆ. ಅದರಲ್ಲಿ ಐದಾರು ಮಾದರಿಯ ಫೋನು ಆರಿಸಿ ನೋಡಿದೆ. ಎಲ್ಲ ಚೆಂದ. ಪುಟಕ್ಕೆ ಅಂಕ ಕೊಡುವ ಲೈಟ್‌ಹೌಸ್ ಎಂಬ ಉಪಕರಣ ತೊಂಬತ್ತೆಂಟು ಕೊಟ್ಟಿತು. ಮಗ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ತಂದ ಅಂಕಕ್ಕಿಂತ ಹೆಚ್ಚು ಎಂದು ಅವನನ್ನೇ ಛೇಡಿಸಿದೆ. ಮೂವತ್ತೊಂದು ಅರ್ಜಿ ಬಂದವು. ಎಂಟು ಮಂದಿಗೆ ಹಣ ಹಂಚಿದೆವು, ಫೋಟೋ ತೆಗೆಸಿಕೊಂಡೆವು.

ಹತ್ತು ದಿನದ ಮೇಲೆ ಒಂದು ಭಾನುವಾರ ತಾಯಿ ಮಗಳು ಇಬ್ಬರು ಮನೆಗೆ ಬಂದರು. ಹುಡುಗಿ ಹತ್ತನೆಯ ತರಗತಿಯಲ್ಲಿ ನೂರಕ್ಕೆ ತೊಂಬತ್ತೊಂದು ತೆಗೆದವಳು, ಅಪ್ಪ ಇಲ್ಲ. "ನಾನು ಮೊದಲನೇ ದಿನವೇ ಕಳಿಸಿದ್ದೆ ಆಂಟಿ, ನನ್ನ ಹೆಸರು ಯಾಕೆ ಇರಲಿಲ್ಲ ಅಂತ ಕೇಳೋಕೆ ಬಂದೆ" ಎಂದಳು. ಜಗಳದ ದನಿಯಲ್ಲ. ಲೆಕ್ಕದಲ್ಲಿ ಎಲ್ಲಿ ತಪ್ಪಾಯಿತು ಎಂದು ಮೇಷ್ಟ್ರನ್ನು ಕೇಳುವ ದನಿ. ನಾನು ಬಂದ ಅರ್ಜಿಗಳನ್ನೆಲ್ಲ ತಡಕಿದೆ. ಇಲ್ಲ. "ಹೇಗೆ ಕಳಿಸಿದೆ ತೋರಿಸು" ಎಂದೆ. ತಾಯಿಯ ಸೆರಗಿನ ಗಂಟಿನಿಂದ ಒಂದು ಹಳೆಯ ಫೋನು ಹೊರಬಂತು, ಗಾಜು ಒಡೆದದ್ದು. ಅದರಲ್ಲಿ ಇಂಟರ್‌ನೆಟ್ ಹಣ ಉಳಿಸುವ ಒಂದು ಪುಟ್ಟ ಬ್ರೌಸರ್. ಇಂಥವು ಪುಟವನ್ನು ತಮ್ಮ ಕೇಂದ್ರದಲ್ಲೇ ಬೇಯಿಸಿ, ಹಿಂಡಿ, ಸಾರ ಮಾತ್ರ ಫೋನಿಗೆ ಕಳುಹಿಸುತ್ತವೆ. ಸ್ಕ್ರಿಪ್ಟುಗಳು ಅಲ್ಲಿ ಪೂರ್ತಿ ನಡೆಯುವುದಿಲ್ಲ. ನಾನು ಏನು ಮಾಡಿದ್ದೆನೆಂದರೆ, 'ಕಳುಹಿಸಿ' ಎಂಬ ಗುಂಡಿಯನ್ನು ಪೂರ್ತಿ ಸ್ಕ್ರಿಪ್ಟಿನ ಕೈಗೆ ಕೊಟ್ಟಿದ್ದೆ. ಅದು ನೋಡಲು ಠೀಕಾಗಿತ್ತು, ತಪ್ಪಿದ್ದರೆ ಕೆಂಪು ಅಕ್ಷರದಲ್ಲಿ ಹೇಳುತ್ತಿತ್ತು, ಮುಗಿದ ಮೇಲೆ ಹೂವು ಅರಳುತ್ತಿತ್ತು. ಹುಡುಗಿ ನನ್ನೆದುರೇ ಹೆಸರು, ಊರು, ಅಂಕ ಎಲ್ಲ ತುಂಬಿ ಗುಂಡಿ ಒತ್ತಿದಳು. ಏನೂ ಆಗಲಿಲ್ಲ. ಹೂವಿಲ್ಲ, ಕೆಂಪಿಲ್ಲ. "ಆವತ್ತೂ ಹೀಗೇ ಆಯ್ತು. ಹೋಯ್ತು ಅಂದ್ಕೊಂಡೆ" ಎಂದಳು.

ಆ ಬ್ರೌಸರನ್ನು ಬಯ್ಯೋಣವೆಂದರೆ ಬಾಯಿ ಬರಲಿಲ್ಲ. ಅದು ಅವಳಿಗೆ ಬೇಕಾದ್ದನ್ನು ಮಾಡುತ್ತಿತ್ತು. ಹತ್ತು ರೂಪಾಯಿಯಲ್ಲಿ ಆಗುವುದನ್ನು ಎರಡು ರೂಪಾಯಿಯಲ್ಲಿ. ಫೋನಿನ ಚೌಕಟ್ಟು ತೋರಿಸುವ ಕ್ರೋಮಿನ ಅನುಕೂಲವನ್ನು ಬಯ್ಯೋಣವೆಂದರೆ, ಇದು ಬರೀ ಮೊದಲ ಅಂದಾಜು, ನಿಜವಾದ ಫೋನಿನಲ್ಲಿ ನೋಡಿಕೊಳ್ಳಿ ಎಂಬರ್ಥದ ಮಾತನ್ನು ಅದರ ಕೈಪಿಡಿಯೇ ಹೇಳುತ್ತದೆ. ಓದದೆ ಬಿಟ್ಟವಳು ನಾನು. ಲೈಟ್‌ಹೌಸಿನ ತೊಂಬತ್ತೆಂಟು ಅಂಕವೂ ಸುಳ್ಳಲ್ಲ. ಅದು ಕೇಳಿದ ಪ್ರಶ್ನೆಗಳಿಗೆ ನನ್ನ ಪುಟ ಉತ್ತರಿಸಿತ್ತು. ಈ ಹುಡುಗಿಯ ಪ್ರಶ್ನೆ ಆ ಪ್ರಶ್ನೆಪತ್ರಿಕೆಯಲ್ಲಿ ಇರಲಿಲ್ಲ, ಅಷ್ಟೆ. ಅಂಗಡಿಯ ದೀಪದಲ್ಲಿ ಸೀರೆ ನೋಡಿ ಬಂದಿದ್ದೆ.

ಸಂಘದ ಹಣ ಮುಗಿದಿತ್ತು. ನಾನು ಒಳಗೆ ಹೋಗಿ ಬೀರುವಿನಿಂದ ಅಷ್ಟೇ ಮೊತ್ತ ತಂದು ತಾಯಿಯ ಕೈಗೆ ಕೊಡಲು ಹೋದೆ. ಆಕೆ ಕೈ ಹಿಂದಕ್ಕೆ ತೆಗೆದುಕೊಂಡರು. "ಬೇಡಿ ಅಮ್ಮ. ಅವಳ ಅರ್ಜಿ ಬಂದಿದ್ರೆ ಇನ್ನೊಬ್ಬಳಿಗೆ ತಪ್ತಿತ್ತು, ಅಲ್ವಾ" ಎಂದರು. ಕಾಫಿ ಕುಡಿದು, ಮೂರು ಗಂಟೆಯ ಬಸ್ಸಿಗೆ ಹೋದರು. ಆ ಮಾತಿನಲ್ಲಿ ಸಮಾಧಾನ ಹುಡುಕಲು ನಾನು ಬಹಳ ದಿನ ಪ್ರಯತ್ನಪಟ್ಟೆ, ಸಿಗಲಿಲ್ಲ. ಮೂವತ್ತೊಂದರ ಆಚೆ ಇನ್ನೆಷ್ಟು ಜನ ಗುಂಡಿ ಒತ್ತಿ 'ಹೋಯ್ತು' ಎಂದುಕೊಂಡರೋ, ಅವರು ಮೆಟ್ಟಿಲು ಹತ್ತಿ ಬಂದವರಲ್ಲ.

ಪುಟವನ್ನು ಬಿಚ್ಚಿ ಮತ್ತೆ ಹೊಲಿದೆ. ಈಗ ಅದು ತೊಂಬತ್ತರ ದಶಕದಲ್ಲಿ ನಾನು ಕಲಿತ ಮೊದಲ ಫಾರಂನ ಹಾಗೆ, ಬೋಳು ಬೋಳು. ಗುಂಡಿ ಒತ್ತಿದರೆ ಫಾರಂ ತಾನೇ ಹೋಗುತ್ತದೆ, ಯಾವ ಸ್ಕ್ರಿಪ್ಟಿನ ಹಂಗೂ ಇಲ್ಲ. ಸ್ಕ್ರಿಪ್ಟು ಇದ್ದವರಿಗೆ ಕೆಂಪು ಅಕ್ಷರ ಬರುತ್ತದೆ, ಇಲ್ಲದವರಿಗೂ ಕೆಲಸ ನಿಲ್ಲುವುದಿಲ್ಲ. ಹೂವು ತೆಗೆದುಹಾಕಿದೆ. ಅದರ ಬದಲು ಹೊಸ ಪುಟವೊಂದು ತೆರೆದು 'ನಿಮ್ಮ ಅರ್ಜಿ ಬಂದಿದೆ, ಸಂಖ್ಯೆ ಇಷ್ಟು' ಎನ್ನುತ್ತದೆ. ಮಗ ನೋಡಿ "ಎಷ್ಟು ಹಳೇ ಕಾಲದ್ದಾಗಿದೆಯಮ್ಮ" ಎಂದ. ಅಡಿಗೆಮನೆಯ ಮಾಡಿನಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿಯೊಂದಿದೆ. ನೆಂಟರಿಷ್ಟರು ಬಿಸಾಡಲು ಇಟ್ಟಿದ್ದ ಫೋನುಗಳನ್ನು ಕಾಡಿ ಬೇಡಿ ತಂದು ಅದರಲ್ಲಿ ಹಾಕಿದ್ದೇನೆ. ಸದ್ಯಕ್ಕೆ ಐದಿವೆ. ಒಂದರ ಬ್ಯಾಟರಿ ಉಬ್ಬಿದೆ, ಅದನ್ನು ಕೊಡಬೇಕು. ವೆಬ್ ಪುಟ ಮಾಡಲು ಯಾವ ಉಪಕರಣ ಕೊಳ್ಳಲಿ ಎಂದು ಕೇಳಿದವರಿಗೆ ಈಗ ನಾನು ಮೊದಲು ತೋರಿಸುವುದು ಆ ಡಬ್ಬಿಯನ್ನು. ಕೆಲವರು ನಗುತ್ತಾರೆ.

ಈಚಿನ ಅರ್ಜಿಯ ಪುಟ ಸಿದ್ಧವಾದ ದಿನ ಡಬ್ಬಿಯ ಫೋನುಗಳಲ್ಲೆಲ್ಲ ನೋಡಿಯಾದ ಮೇಲೂ ಮನಸ್ಸು ತಡೆಯಲಿಲ್ಲ. ಸಂಜೆ ಹೂವು ಕೊಡಲು ಬಂದ ಹೆಂಗಸನ್ನು ಜಗಲಿಯಲ್ಲಿ ಕೂರಿಸಿ, ಅವಳದೇ ಫೋನಿನಲ್ಲಿ ಪುಟ ತೆರೆದು ಕೊಟ್ಟೆ. ನಾನು ಬಾಯಿ ಬಿಡಬಾರದು ಎಂದು ಮೊದಲೇ ನಿಶ್ಚಯಿಸಿಕೊಂಡಿದ್ದೆ, ಬಿಡಲಿಲ್ಲ. ಅವಳು ತನ್ನ ಮಗಳ ಹೆಸರನ್ನು ಒಂದೊಂದೇ ಅಕ್ಷರ ಹುಡುಕಿ ಹಾಕಿದಳು. ಊರು ಹಾಕಿದಳು. ಬೆರಳಿಗೆ ಹತ್ತಿದ್ದ ಮಲ್ಲಿಗೆಯ ನೀರನ್ನು ಸೆರಗಿಗೆ ಒರೆಸಿಕೊಂಡು ಗುಂಡಿ ಒತ್ತಿದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಸಂಖ್ಯೆ ಬಂತು.

"ಇದನ್ನ ಬರ್ಕೋಬೇಕಾ ಅಕ್ಕ?" ಎಂದಳು. ನಾನು ಕಾಗದ ತರಲು ಏಳುವಷ್ಟರಲ್ಲಿ ಬುಟ್ಟಿಯಿಂದ ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡಿದ್ದಳು.